ಮಳೆ ತಡವಾದರೆ ಯಾವ ರಾಗಿ ಬಿತ್ತಬೇಕು?

ಮಾಗಡಿ ಹೊಲ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಾಗಡಿ ಕಡೆ ಮೂರೂವರೆ ಎಕರೆ ಕೆಮ್ಮಣ್ಣಿನ ಹೊಲ. ಬೋರ್‌ವೆಲ್ ಇಲ್ಲ, ಪೂರ್ತಿ ಮಳೆ ನಂಬಿದ್ದು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ.

ಅಪ್ಪ ಸುಮಾರು ಇಪ್ಪತ್ತು ವರ್ಷದಿಂದ ಜಿಪಿಯು-28 ಅನ್ನುವ ರಾಗಿ ತಳಿ ಬಿತ್ತುತ್ತಾರೆ. ಜುಲೈನ ಪುನರ್ವಸು ಮಳೆಗೆ ಕೂರಿಗೆ ಹೂಡಿದರೆ ದೀಪಾವಳಿ ಹೊತ್ತಿಗೆ ಕೊಯ್ಲು. ಈ ಲೆಕ್ಕ 2023ರಲ್ಲಿ ಪೂರ್ತಿ ಕೆಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ನಾವು ಜುಲೈ ಕೊನೆಯಲ್ಲಿ ಬಿತ್ತಿದೆವು. ಆಗಸ್ಟ್ ತಿಂಗಳಿಡೀ ಬಿಸಿಲು. ಅರ್ಧ ಹೊಲದ ಪೈರು ಸುಟ್ಟು ಹೋಯಿತು. ಸೆಪ್ಟೆಂಬರ್‌ನಲ್ಲಿ ಎರಡು ಮಳೆ ಬಂದಾಗ ಅಪ್ಪ ಆ ಜಾಗದಲ್ಲಿ ಮತ್ತೆ ಅದೇ ಬೀಜ ಬಿತ್ತಿದರು. ತೆನೆ ಒಡೆಯುವ ಹೊತ್ತಿಗೆ ಭೂಮಿಯಲ್ಲಿ ಹಸಿ ಇರಲಿಲ್ಲ. ತೆನೆ ಬಂತು, ಕೈಯಲ್ಲಿ ಉಜ್ಜಿದರೆ ಬರೀ ಹೊಟ್ಟು.

ಈಗ ಪ್ರತಿ ವರ್ಷ ಮಳೆ ಯಾವಾಗ ಅಂತ ಹೇಳೋಕಾಗಲ್ಲ. ಆಗಸ್ಟ್ ತಿಂಗಳ ಆಶ್ಲೇಷ, ಮಘ ಮಳೆಗೆ ಬಿತ್ತಬೇಕಾಗಿ ಬಂದರೆ ಯಾವ ರಾಗಿ ಹಾಕಬೇಕು? ಪಕ್ಕದ ಹೊಲದವರು "ಈ ಸಂಶೋಧನೆ ತಳಿಗಳೆಲ್ಲ ಸುಮ್ನೆ, ನಾಟಿ ರಾಗಿಗೆ ವಾಪಸ್ ಹೋಗಿ" ಅನ್ನುತ್ತಾರೆ. ಅದು ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಫಾರಂ:
ತಮ್ಮಾ, ನಾನು ರಾಗಿ ಪ್ರಯೋಗದ ತಾಕುಗಳಲ್ಲಿ ಮೂವತ್ತು ವರ್ಷ ಫೀಲ್ಡ್ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ತಂದೆಯವರ ಬೀಜ ಕೆಟ್ಟದ್ದಲ್ಲ. ಬಿತ್ತಿದ ದಿನಕ್ಕೆ ಅದು ಹೊಂದಲಿಲ್ಲ, ಅಷ್ಟೇ.

ರಾಗಿಯಲ್ಲಿ ಬಿತ್ತುವ ದಿನಕ್ಕಿಂತ ತೆನೆ ಹೊರಡುವ ದಿನ ಮುಖ್ಯ. ಪೈರು ಸಣ್ಣದಿದ್ದಾಗ ಹತ್ತು ಹದಿನೈದು ದಿನ ಮಳೆ ಇಲ್ಲದಿದ್ದರೂ ರಾಗಿ ತಡೆದುಕೊಳ್ಳುತ್ತದೆ, ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ತೆಂಡೆ (ಹೊಸ ಕವಲು) ಒಡೆಯುತ್ತದೆ. ಆದರೆ ಹೂವಾಗಿ ಹಾಲು ತುಂಬುವ ಎರಡು ಮೂರು ವಾರ ಭೂಮಿಯಲ್ಲಿ ಹಸಿ ಇರಲೇಬೇಕು. ಆಗ ಒಣಗಿದರೆ ಮುಂದೆ ಯಾವ ಮಳೆಯೂ ಅದನ್ನು ಸರಿ ಮಾಡಲ್ಲ. ಜಿಪಿಯು-28 ಕೊಯ್ಲಿಗೆ ಬರಲು 110ರಿಂದ 115 ದಿನ ಬೇಕು. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಹಾಲು ತುಂಬುವುದು ನವೆಂಬರ್‌ನಲ್ಲಿ. ನಿಮ್ಮ ಕೆಮ್ಮಣ್ಣು ಅಲ್ಲಿವರೆಗೆ ಹಸಿ ಹಿಡಿದಿಡಲ್ಲ.

ಅದಕ್ಕೇ ತಳಿಗಳನ್ನು ಮೂರು ಗುಂಪು ಮಾಡಿರುವುದು. ಜೂನ್‌ನಲ್ಲೇ ಒಳ್ಳೆ ಮಳೆ ಸಿಕ್ಕರೆ ಎಂಆರ್-1, ಎಂಆರ್-6 ತರಹದ ದೀರ್ಘಾವಧಿ ತಳಿ, ಅವಕ್ಕೆ ಸುಮಾರು ನಾಲ್ಕು ತಿಂಗಳು. ಜುಲೈಗೆ ಜಿಪಿಯು-28, ಎಂಎಲ್-365. ಆಗಸ್ಟ್ ಆಯಿತು ಅಂದರೆ ಜಿಪಿಯು-48, ಜಿಪಿಯು-26, ಇಂಡಾಫ್-9. ಇವು 95ರಿಂದ 100 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಆ ಹದಿನೈದು ದಿನದಲ್ಲೇ ಇಡೀ ಬೆಳೆಯ ಹಣೆಬರಹ ಇರುವುದು.

ಇನ್ನೊಂದು ಮಾತು. ಬೀಜ ಹದ ಮಾಡಿ ಬಿತ್ತಿ. ಎಷ್ಟು ಬೀಜವೋ ಅಷ್ಟೇ ನೀರಿನಲ್ಲಿ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಮೊಳಕೆ ಇಣುಕುವ ಸೂಚನೆ ಕಂಡ ತಕ್ಷಣ ನೆರಳಿನಲ್ಲಿ ಎರಡು ದಿನ ಆರಿಸಿ. ಹೀಗೆ ಮಾಡಿದ ಬೀಜ ಬೇಗ ಹುಟ್ಟುತ್ತದೆ, ಎಳೆ ಪೈರು ಒಣಹವೆಯನ್ನು ಚೆನ್ನಾಗಿ ತಡೆಯುತ್ತದೆ. ಖರ್ಚು ಒಂದು ಪೈಸೆ ಇಲ್ಲ.

ಬೀಜದ ಬುಟ್ಟಿ:
ಹಳೇ ಫಾರಂ ಸರ್, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ನಾಟಿ ರಾಗಿಯನ್ನು ಅಷ್ಟು ಬೇಗ ಬದಿಗೆ ಸರಿಸಬೇಡಿ. ನಾನು ಹತ್ತು ವರ್ಷದಿಂದ ನಾಟಿ ಬೀಜ ಉಳಿಸುತ್ತಿದ್ದೇನೆ. ನಮ್ಮ ಅಜ್ಜಿ ಹೊಲದಲ್ಲಿ ಒಂದೇ ರಾಗಿ ಇರುತ್ತಿರಲಿಲ್ಲ. ದಿಣ್ಣೆ ಹೊಲಕ್ಕೆ ಒಂದು, ತಗ್ಗಿನ ಹೊಲಕ್ಕೆ ಒಂದು, ಹಿಂಗಾರು ನೋಡಿಕೊಂಡು ಇನ್ನೊಂದು. ಊರಿಗೆಲ್ಲ ಒಂದೇ ತಳಿ ಬಂದದ್ದು ಆಮೇಲೆ. ಒಂದು ವರ್ಷ ಆ ಒಂದು ತಳಿ ಸೋತರೆ ಊರಿಗೆ ಊರೇ ಸೋಲುತ್ತದೆ, ಅಲ್ವಾ?

ಹುಲ್ಲಿನ ವಿಷಯವೂ ಇದೆ. ಕಾಳಿನ ಇಳುವರಿ ಮಾತ್ರ ನೋಡಿ ಗಿಡ್ಡ ತಳಿ ಕೊಟ್ಟರೆ ಬೇಸಿಗೆಯಲ್ಲಿ ಹಸು ಏನು ತಿನ್ನಬೇಕು? ನಮ್ಮಂಥ ಸಣ್ಣ ಹಿಡುವಳಿಯಲ್ಲಿ ರಾಗಿ ಹುಲ್ಲು ಅರ್ಧ ಬೆಳೆ ಇದ್ದ ಹಾಗೆ.

ಹಳೇ ಫಾರಂ:
ಅಕ್ಕ, ನೀವು ಹೇಳಿದ್ದು ಸರಿಯೇ. ಒಂದೇ ತಳಿ ಊರು ತುಂಬ ಹಬ್ಬುವುದು ನನಗೂ ಭಯ. ಆದರೆ "ಸಂಶೋಧನೆ ತಳಿ ಸುಮ್ನೆ" ಅನ್ನುವ ಮಾತು ಕೇಳಿದಾಗ ನನಗೆ ನೋವಾಗುತ್ತದೆ. ಆ ಕೆಲಸ ಹೇಗೆ ನಡೆಯಿತು ಅಂತ ಸ್ವಲ್ಪ ಹೇಳುತ್ತೇನೆ, ಉದ್ದವಾದರೆ ಕ್ಷಮಿಸಿ.

ರಾಗಿ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದು ತನ್ನ ಪರಾಗದಲ್ಲೇ ತಾನು ಕಾಳು ಕಟ್ಟುವ ಬೆಳೆ. ನೂರು ಕಾಳಿನಲ್ಲಿ ಒಂದೂ ಬೇರೆ ಗಿಡದ ಪರಾಗದಿಂದ ಆಗಿರಲ್ಲ. ಹಾಗಾಗಿ ಎರಡು ರಾಗಿಯನ್ನು ಬೆರೆಸುವುದು ಬಹಳ ಕಷ್ಟ. ಭತ್ತದಲ್ಲಿ ಮಾಡುವಂತೆ ಚಿಮಟ ಹಿಡಿದು ಗಂಡು ಭಾಗ ಕೀಳಲು ಕೂತರೆ ದಿನಕ್ಕೆ ಹತ್ತು ಹೂವೂ ಆಗಲ್ಲ. ಅದಕ್ಕೆ ಮಾಡುತ್ತಿದ್ದ ಉಪಾಯ ಇದು. ಒಂದೇ ಹೊತ್ತಿಗೆ ಹೂವಾಗುವ ಎರಡು ತೆನೆಯನ್ನು ಜೋಡಿಸಿ ಕಟ್ಟಿ, ಮೇಲೆ ಕಾಗದದ ಚೀಲ ಹಾಕುವುದು. ಒಂದು ಹಸಿರು ಗಿಡ, ಇನ್ನೊಂದು ನೇರಳೆ ಬಣ್ಣದ ಗಿಡ. ಹಸಿರು ಗಿಡದ ಕಾಳನ್ನು ಮಾತ್ರ ತೆಗೆದು ಒಟ್ಟಲು (ಸಸಿ ಮಡಿ) ಹಾಕುವುದು. ಸಾವಿರಾರು ಸಸಿಯಲ್ಲಿ ಎಲ್ಲೋ ಒಂದೆರಡು ನೇರಳೆ ಹುಟ್ಟುತ್ತವೆ. ಅವೇ ಬೆರಕೆ ಆದವು. ಉಳಿದದ್ದೆಲ್ಲ ಕಿತ್ತು ಎಸೆಯಬೇಕು. ಬೆಳಗಿನ ಬಿಸಿಲಲ್ಲಿ ಮಡಿಯ ಮೇಲೆ ಬಾಗಿ ಆ ನೇರಳೆ ಸಸಿ ಹುಡುಕುವ ಕೆಲಸ ನಾನು ಮಾಡಿದ್ದೇನೆ. ಒಂದು ಸಿಕ್ಕಿದ ದಿನ ಊಟ ರುಚಿಸುತ್ತಿತ್ತು.

ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು, ಜನ 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆಯುತ್ತಿದ್ದವರು, ಮೊದಲು ನಮ್ಮ ನಾಡಿನ ರಾಗಿಗಳನ್ನೇ ಬೆರೆಸಿ ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಅಂತ ತಳಿಗಳನ್ನು ಕೊಟ್ಟರು. ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿದರು. ಆಫ್ರಿಕಾದ್ದು ದಪ್ಪ ಕಡ್ಡಿ, ಮುಷ್ಟಿಯಂಥ ತೆನೆ, ದಪ್ಪ ಕಾಳು, ರೋಗ ತಡೆಯುವ ಗುಣ. ನಮ್ಮದು ಬೇಗ ಬರುತ್ತದೆ, ಚೆನ್ನಾಗಿ ತೆಂಡೆ ಹೊಡೆಯುತ್ತದೆ. ಎರಡರ ಒಳ್ಳೆಯದೂ ಸೇರಿ ಬಂದದ್ದೇ ಇಂಡಾಫ್ ಸಾಲು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಹಾಗೆ ಆ ಹೆಸರು. ಇಂಡಾಫ್-8ರ ತಾಯಿ ನಮ್ಮ ಹಳ್ಳಿಗಳ ಹುಲ್ಲುಬೆಳೆ ರಾಗಿ. ನೋಡಿ ಅಕ್ಕ, ನಾಟಿ ರಾಗಿ ಎಲ್ಲೂ ಹೋಗಿಲ್ಲ, ಇದರೊಳಗೇ ಇದೆ.

ಆಮೇಲೆ ಬೆಂಕಿ ರೋಗ ಬಂತು. ಮೋಡ ಮುಸುಕಿ ಜಿನುಗು ಮಳೆ ಹಿಡಿದರೆ ಕುತ್ತಿಗೆ ಕಪ್ಪಾಗಿ ತೆನೆ ಒಣಗುತ್ತದೆ. ಹಳೇ ಇಂಡಾಫ್ ತಳಿಗಳು ಸೋತವು. ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಇಂಡಾಫ್-5ಕ್ಕೆ, ಇಂಡಾಫ್-9 ಮತ್ತು ಐಇ-1012 ಅನ್ನುವ ಇನ್ನೊಂದು ರಾಗಿ ಬೆರೆಸಿದ ಸಾಲನ್ನು ಸೇರಿಸಿ ಮಾಡಿದ ತಳಿಯೇ ಜಿಪಿಯು-28. ನಿಮ್ಮ ತಂದೆ ಇಪ್ಪತ್ತು ವರ್ಷ ಅದನ್ನು ಬಿಡದೆ ಬಿತ್ತಿದ್ದು ಏಕೆ ಅಂತ ಕೇಳಿ ನೋಡಿ. ಬೆಂಕಿ ರೋಗ ಬರಲ್ಲ ಅಂತಲೇ ಹೇಳುತ್ತಾರೆ.

ಮಾಗಡಿ ಹೊಲ:
ಸರ್, ಈಗಷ್ಟೇ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅದೇ ಮಾತು ಹೇಳಿದರು! "ಇಂಡಾಫ್ ಇದ್ದಾಗ ಕುತ್ತಿಗೆ ಮುರೀತಿತ್ತು, ಇದು ಬಂದ ಮೇಲೆ ನಿಂತಿತು" ಅಂದರು. ನಮ್ಮ ಮುದ್ದೆಯಲ್ಲಿ ಆಫ್ರಿಕಾ ಇದೆ ಅಂತ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ನೈರೋಬಿ ಕನ್ನಡತಿ:
ಮುದ್ದೆಯಲ್ಲಿ ಮಾತ್ರ ಅಲ್ಲ ತಮ್ಮ, ಹೊಲ ಪೂರ್ತಿ ಇದೆ. ನಮ್ಮೂರು ಅರಸೀಕೆರೆ ಕಡೆ. ಈಗ ಕೀನ್ಯಾದಲ್ಲಿದ್ದೇನೆ, ರೈತ ಗುಂಪುಗಳ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅದರ ಜೊತೆಗೆ ಹಳ್ಳಿ ಸುತ್ತುವುದೂ ಇರುತ್ತದೆ.

ನಿಮ್ಮ ಅಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿ ಮಧ್ಯೆ ಬೇರೆ ಬೆಳೆಗಳ ಸಾಲು, ಹಾಕುತ್ತಾರಾ? ರಾಗಿ, ಜೋಳ, ಅವರೆ, ಅಲಸಂದೆ, ಹುಚ್ಚೆಳ್ಳು, ಹರಳು. ಈ ಆರಕ್ಕೆ ಆರೂ ಆಫ್ರಿಕಾದಲ್ಲಿ ಹುಟ್ಟಿ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದವು. ಇಥಿಯೋಪಿಯಾದಲ್ಲಿ ಹುಚ್ಚೆಳ್ಳಿಗೆ 'ನೂಗ್' ಅಂತಾರೆ, ಎಣ್ಣೆ ತೆಗೆಯುತ್ತಾರೆ. ರಾಗಿಗೆ ಅಲ್ಲಿ 'ಡಗುಸ'. ಇಲ್ಲಿ ಕೀನ್ಯಾದಲ್ಲಿ 'ವಿಂಬಿ'. ಮೊದಲ ಸಲ ಬುಸಿಯಾ ಕಡೆಯ ಒಂದು ಹಳ್ಳಿಯಲ್ಲಿ ರಾಗಿ ಗಂಜಿ ಕೊಟ್ಟಾಗ ಬಟ್ಟಲು ಮೂಗಿನ ಹತ್ತಿರ ತಂದೆ. ಅಮ್ಮನ ಅಡುಗೆಮನೆಯ ವಾಸನೆ. ನನಗೆ ಮಾತೇ ಹೊರಡಲಿಲ್ಲ. ಅದಕ್ಕೆ 'ಉಜಿ' ಅಂತಾರೆ. ಮಗುವಿಗೆ ಹಾಲು ಬಿಡಿಸುವಾಗ ಕೊಡುವುದೂ ಅದನ್ನೇ, ನಮ್ಮ ರಾಗಿ ಸರಿ ಹಾಗೆ.

ಆದರೆ ಇಲ್ಲಿ ರಾಗಿ ಕಡಿಮೆಯಾಗಿದೆ. ಎಲ್ಲರ ತಟ್ಟೆಯಲ್ಲೂ ಮುಸುಕಿನ ಜೋಳದ ಉಗಾಲಿ. ಮುಸುಕಿನ ಜೋಳ ನೀರು ಸಿಕ್ಕರೆ ರಾಗಿಗಿಂತ ಎಷ್ಟೋ ಜಾಸ್ತಿ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಸೂಲಂಗಿ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಕೈಗೆ ಏನೂ ಬರಲ್ಲ. 2020ರ ಕೊನೆಯಿಂದ ಪೂರ್ವ ಆಫ್ರಿಕಾದಲ್ಲಿ ಸಾಲಾಗಿ ಐದು ಮಳೆಗಾಲ ಸೋತವು. ಇಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಐದೂ ಹೋದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡೆ. ಉತ್ತರದ ಜಿಲ್ಲೆಗಳಲ್ಲಿ ದನಗಳು ದಾರಿಯುದ್ದಕ್ಕೂ ಸತ್ತು ಬಿದ್ದಿದ್ದವು.

ರೈತರು ರಾಗಿ ಬಿಟ್ಟದ್ದಕ್ಕೆ ಕಾರಣ ರುಚಿ ಅಲ್ಲ, ಕಳೆ. ಇಲ್ಲಿ ಹೆಚ್ಚಿನ ಕಡೆ ರಾಗಿಯನ್ನು ಕೈಯಲ್ಲಿ ಎರಚಿ ಬಿತ್ತುತ್ತಾರೆ, ಸಾಲು ಇರಲ್ಲ. ಜೊತೆಗೆ ಥೇಟ್ ರಾಗಿಯ ಹಾಗೇ ಕಾಣುವ ಕಾಡು ರಾಗಿ ಹುಟ್ಟುತ್ತದೆ. ತೆನೆ ಬರುವವರೆಗೆ ಯಾವುದು ಬೆಳೆ, ಯಾವುದು ಕಳೆ ಅಂತ ಗೊತ್ತಾಗಲ್ಲ. ಕುಕ್ಕರಗಾಲಲ್ಲಿ ಕೂತು ಕೀಳುವವರು ಹೆಂಗಸರು. ನಾನು ನಮ್ಮೂರಿನ ಕೂರಿಗೆ, ಕುಂಟೆಯ ವೀಡಿಯೊ ತೋರಿಸಿದೆ. ಒಬ್ಬ ಅಜ್ಜಿ ಅದನ್ನು ಮೂರು ಸಲ ನೋಡಿ, "ಇದನ್ನು ನಮಗೆ ಯಾಕೆ ಯಾರೂ ಮೊದಲೇ ತೋರಿಸಲಿಲ್ಲ" ಅಂತ ಕೇಳಿದರು. ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ಬೀಜ ಆಫ್ರಿಕಾದಿಂದ ನಮ್ಮೂರಿಗೆ ಬಂತು. ಉಪಕರಣ ನಮ್ಮೂರಿನಿಂದ ಇಲ್ಲಿಗೆ ಬರಲಿಲ್ಲ.

ಕಲಬುರಗಿ ತೊಗರಿ:
ಅಕ್ಕಾರ, ನಮ್ಮ ಕಡೆಯಿಂದ ಒಂದು ಹೋಗಿದೆ ನೋಡ್ರಿ. ತೊಗರಿ! ಅದು ಹುಟ್ಟಿದ್ದು ಭಾರತದಲ್ಲಿ. ಇಲ್ಲಿಂದ ಆಫ್ರಿಕಾಕ್ಕೆ ಹೋಯಿತು. ಈಗ ಮೊಜಾಂಬಿಕ್, ತಾಂಜಾನಿಯಾ, ಮಲಾವಿಯಿಂದ ಲಕ್ಷಗಟ್ಟಲೆ ಟನ್ ತೊಗರಿ ಭಾರತಕ್ಕೆ ವಾಪಸ್ ಬರುತ್ತದೆ. ನಮ್ಮ ಜಿಲ್ಲೆಗೆ ತೊಗರಿ ಕಣಜ ಅಂತ ಹೆಸರು. ಹಡಗು ಬಂದರೆ ನಮ್ಮ ದರ ಇಳಿಯುತ್ತದೆ, ಅದು ಬೇರೆ ಕಥೆ.

ಸಂಶೋಧನೆ ತಳಿ ಸುಮ್ನೆ ಅನ್ನುವುದು ನಿಜವಾ ಅಂತ ಮಾಗಡಿಯವರು ಕೇಳಿದರಲ್ಲ. ನಮ್ಮ ತಂದೆಯವರ ಕಾಲದಲ್ಲಿ ನೆಟೆ ರೋಗಕ್ಕೆ ಹೊಲಕ್ಕೆ ಹೊಲವೇ ಒಣಗುತ್ತಿತ್ತು. ಹೂವು, ಕಾಯಿ ಎಲ್ಲ ಇರುತ್ತದೆ, ಒಂದು ವಾರದಲ್ಲಿ ಗಿಡ ನಿಂತಲ್ಲೇ ಒಣಗುತ್ತದೆ. ಆ ಬೂಷ್ಟು ಮಣ್ಣಿನಲ್ಲೇ ವರ್ಷಗಟ್ಟಲೆ ಇರುತ್ತದೆ, ಔಷಧಿ ಹೊಡೆದು ಪ್ರಯೋಜನ ಇಲ್ಲ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಮಾಡಿದ್ದು ಏನು ಗೊತ್ತಾ? ಬೇಕಂತಲೇ ರೋಗ ತುಂಬಿದ ಮಣ್ಣಿನ ತಾಕು ಮಾಡಿ ಅದರಲ್ಲಿ ನೂರಾರು ಬಗೆಯ ತೊಗರಿ ಬಿತ್ತಿದರು. ಬದುಕಿದ್ದನ್ನು ಮಾತ್ರ ಆರಿಸಿದರು. ಹಾಗೆ ಬಂದದ್ದು ಐಸಿಪಿ 8863, ನಾವು ಮಾರುತಿ ಅನ್ನುತ್ತೇವೆ. 1980ರ ದಶಕದಲ್ಲಿ ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಮತ್ತೆ ತೊಗರಿ ಚೀಲ ಕಂಡೆವು ಅಂತ ತಂದೆ ಹೇಳುತ್ತಿದ್ದರು.

ಆದರೆ ಮಾರುತಿಗೆ ಗೊಡ್ಡು ರೋಗ ಬೀಳುತ್ತದೆ. ಎರಡನ್ನೂ ತಡೆಯುವ ಆಶಾ ತಳಿ ಬಂತು, ಅದಕ್ಕೆ ಸುಮಾರು ಆರು ತಿಂಗಳು ಬೇಕು. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕೊನೆಗೆ ಹಸಿ ಸಾಲಲ್ಲ. ಆಮೇಲೆ ಬೇಗ ಬರುವ ಟಿಎಸ್-3ಆರ್, ಜಿಆರ್‌ಜಿ-811 ಬಂದವು. 2022ರಲ್ಲಿ ಅತಿ ಮಳೆಯಾಗಿ ನೀರು ನಿಂತ ಹೊಲಗಳಲ್ಲಿ ನೆಟೆ ಮತ್ತೆ ಎದ್ದಿತು. ಅಂದರೆ ಈ ಕೆಲಸ ಒಮ್ಮೆ ಮಾಡಿ ಮುಗಿಸುವುದಲ್ಲ. ಹವಾಮಾನ ಬದಲಾದ ಹಾಗೆ ರೋಗವೂ ವೇಷ ಬದಲಿಸುತ್ತದೆ. ಆ ಫಾರಂಗಳನ್ನು ಮುಚ್ಚಿದರೆ, ಜನ ಕಡಿಮೆ ಮಾಡಿದರೆ, ಮುಂದಿನ ರೋಗಕ್ಕೆ ನಾವು ಕೈ ಖಾಲಿ ಇಟ್ಟುಕೊಂಡು ನಿಲ್ಲಬೇಕು.

ನೈರೋಬಿ ಕನ್ನಡತಿ:
ಇಲ್ಲಿ ತೊಗರಿಗೆ 'ಎಂಬಾಝಿ' ಅಂತಾರೆ ಅಣ್ಣ. ಮಚಾಕೋಸ್ ಕಡೆ ಮುಸುಕಿನ ಜೋಳದ ಸಾಲಿನ ಮಧ್ಯೆ ಹಾಕುತ್ತಾರೆ. ಮುಸುಕಿನ ಜೋಳ ಕೈಕೊಟ್ಟ ವರ್ಷವೂ ಎಂಬಾಝಿ ಬರುತ್ತದೆ, ಹಸಿ ಕಾಳು ಬೇಯಿಸಿ ತಿಂದು ಮನೆ ನಡೆಸುತ್ತಾರೆ.

ಕೃಷಿ ವಿದ್ಯಾರ್ಥಿ:
ಬೀಜ ಓಡಾಡಿದ ಮಾತು ಬಂದಿದ್ದಕ್ಕೆ ಜೀನ್ ಬ್ಯಾಂಕ್ (ಬೀಜ ಮಾದರಿಗಳನ್ನು ಕಾಪಿಡುವ ಕೇಂದ್ರ) ವಿಷಯ ಸೇರಿಸುತ್ತೇನೆ. ಪಟಾನ್‌ಚೆರುವಿನಲ್ಲಿ ಬೇರೆ ಬೇರೆ ದೇಶಗಳಿಂದ ತಂದ 6000ಕ್ಕೂ ಹೆಚ್ಚು ರಾಗಿ ಮಾದರಿಗಳಿವೆ. ಅಷ್ಟನ್ನೂ ಬಿತ್ತಿ ನೋಡಲು ಯಾರಿಗೂ ಆಗಲ್ಲ. ಹಾಗಾಗಿ ವಿಜ್ಞಾನಿಗಳು ಎಲ್ಲ ಗುಣಗಳೂ ಬರುವ ಹಾಗೆ ಆರಿಸಿ ಮೊದಲು 622, ಆಮೇಲೆ ಬರೀ 80 ಮಾದರಿಯ ಗುಂಪು ಮಾಡಿದರು. ಈಗ ಬರ ತಡೆಯುವ, ಬೆಂಕಿ ರೋಗ ತಡೆಯುವ ಗುಣ ಹುಡುಕುವವರು ಆ 80ರಿಂದ ಶುರು ಮಾಡಬಹುದು.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ರಾಗಿಯ ಜೀನೋಮ್ (ಪೂರ್ತಿ ವಂಶವಾಹಿ ಮಾಹಿತಿ) ಓದಿ ಪ್ರಕಟಿಸಿತು. 2023ರಲ್ಲಿ ಕೀನ್ಯಾದ ಒಂದು ರಾಗಿ ಸಾಲಿನ ಜೀನೋಮ್ ಇನ್ನೂ ಪೂರ್ಣವಾಗಿ ಬಂತು. ಭತ್ತಕ್ಕೆ ಈ ಕೆಲಸ ಇಪ್ಪತ್ತು ವರ್ಷದ ಹಿಂದೆಯೇ ಆಗಿತ್ತು. ಬಡವರ ಬೆಳೆ ಅಂತ ರಾಗಿಗೆ ಸರದಿ ತಡವಾಗಿ ಬಂತು. ನನಗೆ ಅದೇ ಬೇಜಾರು.

ಜೀನ್ ಬ್ಯಾಂಕ್ ಏಕೆ ಬೇಕು ಅನ್ನುವುದಕ್ಕೆ ಸಿರಿಯಾ ನೆನಪಿಸಿಕೊಳ್ಳಿ. ಅಲೆಪ್ಪೊ ಹತ್ತಿರ ಇಕಾರ್ಡಾ ಸಂಸ್ಥೆಯ ದೊಡ್ಡ ಬೀಜ ಸಂಗ್ರಹ ಇತ್ತು. ಗೋಧಿ, ಬಾರ್ಲಿ, ಕಡಲೆ, ಮಸೂರ, ಎಲ್ಲ ಒಣ ನಾಡಿನ ಬೆಳೆಗಳು. ಯುದ್ಧ ಬಂದು ಅಲ್ಲಿ ಕೆಲಸ ನಿಂತಿತು. ಅದೃಷ್ಟಕ್ಕೆ ಅದರ ಪ್ರತಿಗಳನ್ನು ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರದಲ್ಲಿ ಇಟ್ಟಿದ್ದರು. 2015ರಲ್ಲಿ ಮೊದಲ ಸಲ ಆ ಭಂಡಾರದಿಂದ ಬೀಜ ಹೊರತೆಗೆದು ಲೆಬನಾನ್, ಮೊರಾಕೊದಲ್ಲಿ ಬಿತ್ತಿ ಮತ್ತೆ ಬೆಳೆಸಿದರು. ಹೊಸ ಬೀಜವನ್ನು 2017ರಲ್ಲಿ ವಾಪಸ್ ಇಟ್ಟರು ಕೂಡ.

ಬೀಜದ ಬುಟ್ಟಿ:
ಇದನ್ನು ಓದಿ ಮೈ ಜುಮ್ಮೆಂದಿತು. ಆದರೆ ಒಂದು ಮಾತು. ಆ 6000 ಮಾದರಿಯೂ ಯಾವುದೋ ರೈತ ಮಹಿಳೆಯ ಮಡಿಕೆಯಿಂದಲೇ ಹೋದದ್ದು. ಬ್ಯಾಂಕಿನಲ್ಲಿ ಇಟ್ಟ ಬೀಜ ತಣ್ಣಗೆ ಮಲಗಿರುತ್ತದೆ. ಹೊಲದಲ್ಲಿರುವ ಬೀಜ ಪ್ರತಿ ವರ್ಷ ಹೊಸ ಮಳೆ, ಹೊಸ ರೋಗ ನೋಡುತ್ತಾ ಬದಲಾಗುತ್ತದೆ. ಎರಡೂ ಬೇಕು.

ಗಜನಿ ಕುಮಟಾ:
ಎಲ್ಲರೂ ಬರದ ಮಾತಾಡುತ್ತಿದ್ದೀರಿ, ನಮ್ಮ ಕಡೆ ತೊಂದರೆ ನೀರು ಜಾಸ್ತಿ ಆಗುವುದು. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ನಮ್ಮ ಗಜನಿ ಭೂಮಿ. ಉಪ್ಪುನೀರು ನುಗ್ಗುತ್ತದೆ. ಅಲ್ಲಿ ಬದುಕುವುದು ಕಗ್ಗ ಭತ್ತ ಒಂದೇ. ಇಳುವರಿ ಕಡಿಮೆ, ಗೊಬ್ಬರ ಬೇಡ, ಔಷಧಿ ಬೇಡ. ಈಗ ಕಗ್ಗ ಬೆಳೆಯುವವರೂ ಕಡಿಮೆಯಾಗಿದ್ದಾರೆ, ಸಿಗಡಿ ಕೃಷಿ ಬಂತು.

ನಾಟಿ ಬೀಜ ಮತ್ತು ಸಂಶೋಧನೆ ಕೈ ಸೇರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಡಿಶಾದ ಉದಾಹರಣೆ ಇದೆ. ಅಲ್ಲಿ ಎಫ್‌ಆರ್‌13ಎ ಅನ್ನುವ ಹಳೇ ಭತ್ತ ಇತ್ತು. ನೆರೆಯಲ್ಲಿ ಎರಡು ವಾರ ಮುಳುಗಿದ್ದರೂ ಸಾಯುತ್ತಿರಲಿಲ್ಲ. ಬೇರೆ ಭತ್ತ ಮುಳುಗಿದಾಗ ನೀರಿನಿಂದ ಮೇಲೆ ಬರಲು ಉದ್ದ ಬೆಳೆಯುತ್ತದೆ, ಇದ್ದ ಶಕ್ತಿಯೆಲ್ಲ ಖರ್ಚು ಮಾಡಿ ಸಾಯುತ್ತದೆ. ಈ ಭತ್ತ ಹಾಗೆ ಮಾಡಲ್ಲ. ಉಸಿರು ಬಿಗಿಹಿಡಿದ ಹಾಗೆ ಸುಮ್ಮನೆ ಕೂರುತ್ತದೆ, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಆದರೆ ಇಳುವರಿ ಕಡಿಮೆ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಅದರ ಆ ಒಂದು ಗುಣವನ್ನು, ಆಂಧ್ರದಿಂದ ಬಂದ ಸ್ವರ್ಣ ಭತ್ತಕ್ಕೆ ಬೆರಕೆ ಮಾಡಿ ಮಾಡಿ ಸೇರಿಸಿದರು. ಆ ಗುಣದ ಜೀನ್ ಯಾವುದು ಅಂತ 2006ರಲ್ಲಿ ಪ್ರಕಟವಾಯಿತು. 2009ರಲ್ಲಿ ಸ್ವರ್ಣ-ಸಬ್1 ಭಾರತದ ರೈತರಿಗೆ ಸಿಕ್ಕಿತು. ಒಡಿಶಾದ ಬೀಜ ಫಿಲಿಪ್ಪೀನ್ಸ್‌ಗೆ ಹೋಗಿ ಒಡಿಶಾಕ್ಕೇ ವಾಪಸ್ ಬಂತು. ತಗ್ಗು ಜಮೀನು ಇರುವುದು ಹೆಚ್ಚಾಗಿ ಬಡವರಿಗೆ. ಹಾಗಾಗಿ ಅದರ ಲಾಭವೂ ಅವರಿಗೇ ಜಾಸ್ತಿ ಆಯಿತು. ನಮ್ಮ ಕಗ್ಗಕ್ಕೂ ಇಂಥ ಕೆಲಸ ಆಗಲಿ ಅನ್ನುವುದು ನನ್ನ ಆಸೆ.

ಕೃಷಿ ವಿದ್ಯಾರ್ಥಿ:
ಹೌದು ಅಣ್ಣ. ಆದರೆ ಇಂಥ ಕೆಲಸಕ್ಕೆ ಹಣ ಬರುವ ದಾರಿಗಳು ಮುಚ್ಚುತ್ತಿವೆ. 2025ರಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿಯನ್ನು ಮುಚ್ಚಿತು. ಅದರ ಹಣದಲ್ಲಿ ಬಡ ದೇಶಗಳ ಬೆಳೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಶ್ವವಿದ್ಯಾಲಯ ಲ್ಯಾಬ್‌ಗಳ ಕೆಲಸ ನಡುವೆಯೇ ನಿಂತಿತು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು. ಆಫ್ರಿಕಾದಲ್ಲಿ ಐವರಲ್ಲಿ ಒಬ್ಬರು. ತಳಿ ಒಂದು ಹುಟ್ಟಲು ಹತ್ತು ಹನ್ನೆರಡು ವರ್ಷ ಬೇಕು. ಇವತ್ತು ನಿಂತ ಕೆಲಸದ ಪೆಟ್ಟು ಹತ್ತು ವರ್ಷದ ಮೇಲೆ ಹೊಲದಲ್ಲಿ ಕಾಣುತ್ತದೆ.

ಮಾಗಡಿ ಹೊಲ:
ನಾನು ಒಂದು ಸಣ್ಣ ಪ್ರಶ್ನೆ ಕೇಳಿದ್ದೆ, ನೀವೆಲ್ಲ ಇಷ್ಟೊಂದು ಕೊಟ್ಟಿರಿ. ತುಂಬ ಧನ್ಯವಾದ. ಆದರೆ ನನ್ನ ಸಮಸ್ಯೆ ಈಗ ಬೇರೆ. ಜಿಪಿಯು-48 ಬೇಕು ಅಂತ ಹೋದ ಶನಿವಾರ ಬೀಜ ಸಿಗುವ ಎರಡು ಕಡೆ ವಿಚಾರಿಸಿದೆ. ಒಂದು ಕಡೆ ಬರೀ ಜಿಪಿಯು-28, ಎಂಆರ್-6 ಇತ್ತು. ಇನ್ನೊಂದು ಕಡೆ "ಮಳೆ ತಡವಾದರೆ ತರಿಸುತ್ತೇವೆ" ಅಂದರು. ಮಳೆ ತಡವಾಗಿದೆ ಅಂತ ಗೊತ್ತಾಗುವುದೇ ತಡವಾದ ಮೇಲೆ. ಆಗ ತರಿಸಿದರೆ ಬಿತ್ತುವ ಹದ ಕಾಯುತ್ತಾ?

ಹಳೇ ಫಾರಂ:
ಕಾಯಲ್ಲ. ಇದೇ ನನ್ನ ಮೂವತ್ತು ವರ್ಷದ ಕೊರಗು. ತಳಿ ಮಾಡುವವರು ಮಾಡುತ್ತಾರೆ, ಬರಕ್ಕೆ ಯಾವುದು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಆ ಬೀಜ ಆಗಸ್ಟ್ 10ನೇ ತಾರೀಕು ಹಳ್ಳಿಯಲ್ಲಿ ಇರಲ್ಲ. ಆದರೆ ರಾಗಿಯಲ್ಲಿ ಇದಕ್ಕೆ ದಾರಿ ನಿಮ್ಮ ಕೈಯಲ್ಲೇ ಇದೆ. ನಾನು ಮೊದಲು ಹೇಳಿದ್ದು ನೆನಪಿದೆಯಾ, ರಾಗಿ ತನ್ನ ಪರಾಗದಲ್ಲೇ ಕಾಳು ಕಟ್ಟುತ್ತದೆ ಅಂತ? ಅಂದರೆ ಮುಸುಕಿನ ಜೋಳದ ಹೈಬ್ರಿಡ್ ಹಾಗೆ ಪ್ರತಿ ವರ್ಷ ಕೊಳ್ಳಬೇಕಾಗಿಲ್ಲ. ಒಂದು ಸಲ ಒಳ್ಳೆ ಬೀಜ ತಂದರೆ ಮನೆಯಲ್ಲೇ ಉಳಿಸಿಕೊಳ್ಳಬಹುದು.

ಈ ವರ್ಷ ಯಾವುದಾದರೂ ಸಂಶೋಧನಾ ಕೇಂದ್ರದಿಂದ ಎರಡು ಕಿಲೋ ಜಿಪಿಯು-48 ತನ್ನಿ. ಸಸಿ ಮಾಡಿ ನೆಟ್ಟರೆ ಒಂದು ಎಕರೆಗೆ ಎರಡು ಕಿಲೋ ಸಾಕು, ಕೂರಿಗೆಯಲ್ಲಾದರೆ ನಾಲ್ಕೈದು ಕಿಲೋ ಬೇಕು. ಹೊಲದ ಒಂದು ಮೂಲೆಯಲ್ಲಿ ಬೇರೆಯಾಗಿ ಬೆಳೆಯಿರಿ. ತೆನೆ ಬಂದಾಗ ಓಡಾಡಿ, ಬೇರೆ ತರಹ ಕಾಣುವ ಗಿಡ ಕಿತ್ತು ಹಾಕಿ. ಕಣದಲ್ಲೂ ಬೇರೆಯಾಗಿಯೇ ಬಡಿಯಿರಿ, ಬೆರಕೆ ಆಗುವುದು ಹೆಚ್ಚಾಗಿ ಕಣದಲ್ಲೇ. ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಇಡಿ. ರಾಗಿಗೆ ಹುಳ ಬೀಳುವುದು ಬಹಳ ಕಡಿಮೆ, ಹಿಂದೆ ಹಗೇವಿನಲ್ಲಿ (ನೆಲದೊಳಗಿನ ಕಣಜ) ವರ್ಷಗಟ್ಟಲೆ ಇಡುತ್ತಿದ್ದದ್ದು ಅದಕ್ಕೇ. ಬಿತ್ತನೆಗೆ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳಿ.

ಗುಳಿ ರಾಗಿ ಹಾವೇರಿ:
ಬೀಜ ಕಡಿಮೆ ಇದ್ದರೆ ನಮ್ಮ ಕಡೆಯ ಗುಳಿ ಪದ್ಧತಿ ನೋಡಿ. ಒಂದೂವರೆ ಅಡಿಗೆ ಒಂದು ಗೆರೆ ಉದ್ದಕ್ಕೆ, ಒಂದು ಗೆರೆ ಅಡ್ಡಕ್ಕೆ. ಕೂಡಿದ ಜಾಗದಲ್ಲಿ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಎರಡು ಎಳೆ ಸಸಿ ನೆಡುವುದು. ಮೊಣಕಾಲುದ್ದ ಬರುವ ಮುಂಚೆ ಪೈರಿನ ಮೇಲೆ ಕೊರಡು ಎಳೆಯುತ್ತೇವೆ. ನೋಡಿದವರು ಬೆಳೆ ಹಾಳಾಯಿತು ಅಂತ ಗಾಬರಿಯಾಗುತ್ತಾರೆ. ಬಗ್ಗಿದ ಗಿಡ ಬುಡದಿಂದ ಹತ್ತಾರು ತೆಂಡೆ ಒಡೆಯುತ್ತದೆ. ಎರಡೂ ಕಡೆಯಿಂದ ಕುಂಟೆ ಹೊಡೆಯಬಹುದು, ಕಳೆಯ ಆಳು ಬೇಕಾಗಲ್ಲ. ಮಡಗಾಸ್ಕರ್‌ನಲ್ಲಿ 1980ರ ದಶಕದಲ್ಲಿ ಶುರುವಾದ, ಎಳೆ ಸಸಿಯನ್ನು ದೂರ ದೂರ ನೆಡುವ ಶ್ರೀ ಪದ್ಧತಿಯ ಭತ್ತದ ಬಗ್ಗೆ ಕೇಳಿದಾಗ ನಮ್ಮೂರಿನ ಹಿರಿಯರು, "ಇದನ್ನು ನಾವು ರಾಗಿಯಲ್ಲಿ ಮೊದಲಿಂದ ಮಾಡುತ್ತಿದ್ದೆವಲ್ಲ" ಅಂದರು.

ಮಾಗಡಿ ಅಣ್ಣ, ಸಸಿ ಮಡಿ ಮಾಡಿಟ್ಟರೆ ಇನ್ನೊಂದು ಲಾಭ. ಮಳೆ ತಡವಾದರೂ ಸಸಿ ಮಡಿಯಲ್ಲಿ ಬೆಳೆಯುತ್ತಿರುತ್ತದೆ. ನಾಲ್ಕು ಕೊಡ ನೀರಿನಲ್ಲಿ ಮಡಿ ಬದುಕಿಸಬಹುದು, ಮೂರೂವರೆ ಎಕರೆ ಬದುಕಿಸಲು ಆಗಲ್ಲ.

ನೈರೋಬಿ ಕನ್ನಡತಿ:
ಕೊರಡು ಎಳೆಯುವ ವೀಡಿಯೊ ಇದ್ದರೆ ದಯವಿಟ್ಟು ಕಳಿಸಿ. ಮುಂದಿನ ತಿಂಗಳು ಬುಸಿಯಾಕ್ಕೆ ಹೋಗುತ್ತಿದ್ದೇನೆ. ಆ ಅಜ್ಜಿಗೆ ತೋರಿಸಬೇಕು.

ಗುಳಿ ರಾಗಿ ಹಾವೇರಿ:
ಖಂಡಿತ ಅಕ್ಕ. ನಮ್ಮ ಹೊಲದಲ್ಲಿ ಇನ್ನು ಮೂರು ವಾರಕ್ಕೆ ಎಳೆಯುತ್ತೇವೆ, ಅವತ್ತೇ ತೆಗೆದು ಕಳಿಸುತ್ತೇನೆ. ಕೊರಡಿನ ಅಳತೆಯೂ ಬರೆದು ಕಳಿಸಲಾ? ಮರ ಯಾವುದಾದರೂ ನಡೆಯುತ್ತದೆ, ಭಾರ ಮಾತ್ರ ಸರಿ ಇರಬೇಕು.

ಮಾಗಡಿ ಹೊಲ:
ಎರಡು ಕಿಲೋ ಬೀಜ ಸಿಕ್ಕಿತು! ಅಪ್ಪ ಮೊದಲು ಒಪ್ಪಲಿಲ್ಲ. ಜಿಪಿಯು-28 ಬಿಡಬೇಡಿ, ಇದು ಅದರ ಪಕ್ಕದಲ್ಲಿ ಇರುವ ಇನ್ನೊಂದು ಡಬ್ಬಿ ಅಂತ ಹೇಳಿದ ಮೇಲೆ ಸರಿ ಅಂದರು. ಹೊಲದ ಮೂಲೆಯ ಅರ್ಧ ಎಕರೆಯಲ್ಲಿ ಗುಳಿ ಪದ್ಧತಿಯಲ್ಲಿ ಹಾಕುತ್ತೇವೆ. ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಇದೆ. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೇಗ ಬರುವ ರಾಗಿಯಲ್ಲಿ ಹುಲ್ಲು ಕಡಿಮೆಯಾದರೆ ಎರಡು ಹಸುವಿಗೆ ಏನು ಮಾಡುವುದು?

ಬೀಜದ ಬುಟ್ಟಿ:
ಅಮ್ಮನಿಗೆ ಹೇಳಿ, ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಹುಲ್ಲು ಸ್ವಲ್ಪ ಕಡಿಮೆ ಆಗುತ್ತದೆ, ಸುಳ್ಳು ಹೇಳಲ್ಲ. ಅಕ್ಕಡಿ ಸಾಲಿಗೆ ಅವರೆ ಜೊತೆ ಜೋಳವನ್ನೂ ಸೇರಿಸಿ, ಸೊಪ್ಪೆ ಸಿಗುತ್ತದೆ. ಬದುವಿನ ಮೇಲೆ ಅಲಸಂದೆ ಹಾಕಿ. ಕೊಯ್ಲಾದ ಮೇಲೆ ಹುಲ್ಲು ಎಷ್ಟು ಹೊರೆ ಬಂತು ಅಂತ ಅಮ್ಮನ ಕೈಲೇ ಎಣಿಸಿ ಇಲ್ಲಿ ಬರೆಯಿರಿ. ಕಾಳಿನ ಲೆಕ್ಕ ಎಲ್ಲರೂ ಬರೆಯುತ್ತಾರೆ, ಹುಲ್ಲಿನ ಲೆಕ್ಕ ಯಾರೂ ಬರೆಯಲ್ಲ.